ಕೀಲೆಣ್ಣೆ ಕಪ್ಪಾದ ಕಥೆ



ಎಪ್ಪತ್ತು ತುಂಬಿದ ಮೇಲೆ ಮನುಷ್ಯ ಹೊಸದಾಗಿ ಕಲಿಯುವ ಕೆಲಸಗಳು ಕಡಿಮೆ. ಹಾಗಿದ್ದರೂ ಕಳೆದ ತಿಂಗಳು ನಾನು ಒಂದು ಕೆಲಸವನ್ನು ಕಲಿತೆ. ತೆಂಗಿನಕಾಯಿ, ಕೊಬ್ಬರಿಗಳನ್ನು ತಿಪಟೂರಿನ ಮಾರುಕಟ್ಟೆಗೆ ಸಾಗಿಸಲೆಂದು ನಮ್ಮ ತೋಟದಲ್ಲಿ ಇಟ್ಟುಕೊಂಡಿರುವ ಹಳೆಯ ಡೀಸೆಲ್ ಪಿಕಪ್ ವಾಹನದ ಎಂಜಿನ್ ಆಯಿಲನ್ನು ಮೊದಲ ಬಾರಿಗೆ ನನ್ನ ಕೈಯಾರೆ ಬದಲಾಯಿಸಿದೆ. ಮೂವತ್ತೈದು ವರ್ಷ ವಿಜ್ಞಾನ ಬೋಧಿಸಿದವನು ಒಂದು ಬೋಲ್ಟು ಬಿಚ್ಚಿ ಮತ್ತೆ ಹಾಕಿದ್ದರಲ್ಲಿ ಹೇಳಿಕೊಳ್ಳುವಂಥದ್ದೇನಿದೆ ಎಂದು ನೀವು ಕೇಳಬಹುದು. ಆ ಕೆಲಸದಿಂದಾಗಿ, ನಲವತ್ತು ವರ್ಷಗಳ ಹಿಂದೆ ತರಗತಿಯಲ್ಲಿ ನಾನು ಮಾಡಿದ ಒಂದು ತಪ್ಪು ನನಗೆ ತಿಳಿಯಿತು. ಅದನ್ನು ನಿಮ್ಮೆದುರು ಒಪ್ಪಿಕೊಳ್ಳುವುದು ಈ ಲೇಖನದ ಉದ್ದೇಶ. ತಪ್ಪು ಯಾವುದೆಂದು ವಿವರಿಸಲು ಸ್ವಲ್ಪ ಇತಿಹಾಸವನ್ನೂ ಹೇಳಬೇಕಾಗುತ್ತದೆ.

ಮೊದಲು ನಡೆದ ಸಂಗತಿ. ನಮ್ಮ ವಾಹನವನ್ನು ನೋಡಿಕೊಳ್ಳುವ ಮೇಸ್ತ್ರಿ ಮಗಳ ಬಾಣಂತನಕ್ಕೆಂದು ಊರಿಗೆ ಹೋಗಿದ್ದರು. ಆಯಿಲ್ ಬದಲಾಯಿಸಬೇಕಾದ ಕಿಲೋಮೀಟರು ದಾಟಿಹೋಗಿತ್ತು. ದೂರವಾಣಿಯಲ್ಲಿ ವಿಚಾರಿಸಿದಾಗ ಅವರು, "ಮೇಷ್ಟ್ರೇ, ನೀವೇ ಮಾಡ್ಕೋಬಹುದು. ನಾನು ಹೇಳ್ತಾ ಹೋಗ್ತೀನಿ, ನೀವು ಬರ್ಕೊಳ್ಳಿ" ಎಂದರು. ಜೀವಮಾನವಿಡೀ ಉಕ್ತಲೇಖನ ಬರೆಯಿಸಿದವನು ಅಂದು ನಾನೇ ಬರೆದುಕೊಂಡೆ.

ವಾಹನವನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಚಕ್ರಗಳಿಗೆ ಕಲ್ಲು ಕೊಡಬೇಕು. ಎಂಜಿನ್ನನ್ನು ಐದು ನಿಮಿಷ ಓಡಿಸಿ ನಿಲ್ಲಿಸಬೇಕು. ಬೆಚ್ಚಗಾದ ಎಣ್ಣೆ ತೆಳುವಾಗಿ ಪೂರ್ತಿ ಇಳಿಯುತ್ತದೆ, ತಳದ ಮಡ್ಡಿಯನ್ನೂ ತನ್ನೊಡನೆ ಕೊಂಡೊಯ್ಯುತ್ತದೆ. ತೀರ ಬಿಸಿಯಾದರೆ ಕೈ ಸುಡುತ್ತದೆ. ಪಿಕಪ್ ನೆಲದಿಂದ ಎತ್ತರದಲ್ಲಿರುವುದರಿಂದ ಜಾಕ್ ಹಾಕದೆಯೇ ಕೆಳಗೆ ನುಸುಳಬಹುದು. ಗೋಣಿಚೀಲ ಹಾಸಿ ಮಲಗಿಕೊಂಡೆ. ಮೊಮ್ಮಗ ಟಾರ್ಚ್ ಹಿಡಿದ. ಎಂಜಿನ್ನಿನ ತಳದಲ್ಲಿರುವ ಸಂಪ್ ಎಂಬ ಎಣ್ಣೆಯ ತೊಟ್ಟಿಗೆ ಒಂದು ಬೋಲ್ಟು ಇರುತ್ತದೆ. ಮಲಗಿ ಮೇಲಕ್ಕೆ ನೋಡುವಾಗ ಎಡ ಯಾವುದು, ಬಲ ಯಾವುದು ಎಂಬುದೇ ಗೊಂದಲ. ಬಿಚ್ಚುವ ಬದಲು ಬಿಗಿಗೊಳಿಸುತ್ತಿದ್ದೇನೆಂದು ಅರಿವಾಗಲು ಎರಡು ನಿಮಿಷ ಹಿಡಿಯಿತು.

ಬೋಲ್ಟು ಕಳಚುತ್ತಿದ್ದಂತೆ ಎಣ್ಣೆ ನೇರ ಕೆಳಕ್ಕೆ ಬೀಳಲಿಲ್ಲ. ಅಡ್ಡಲಾಗಿ ಚಿಮ್ಮಿ ಬಾಂಡಲಿಯ ಆಚೆ ನನ್ನ ಮೊಣಕೈ ಮೇಲೆ ಬಿತ್ತು. ಬಾಂಡಲಿಯನ್ನು ಒಂದು ಗೇಣು ಮುಂದಿಟ್ಟುಕೊಳ್ಳಬೇಕಿತ್ತು. ಆಮೇಲೆ ಹಳೆಯ ಫಿಲ್ಟರನ್ನು ಬಿಚ್ಚಿದೆ. ಅದರ ರಬ್ಬರ್ ಬಳೆ ಫಿಲ್ಟರಿನೊಡನೆ ಬಾರದೆ ಎಂಜಿನ್ನಿಗೇ ಅಂಟಿಕೊಂಡಿತ್ತು. ಅದನ್ನು ಗಮನಿಸದೆ ಹೊಸದನ್ನು ಅದರ ಮೇಲೆಯೇ ಕೂರಿಸಿದ್ದರೆ ಎರಡು ಬಳೆಗಳ ನಡುವಿನಿಂದ ಎಣ್ಣೆಯೆಲ್ಲ ಸೋರಿ ಎಂಜಿನ್ ಹಾಳಾಗುತ್ತಿತ್ತು. ಮೇಸ್ತ್ರಿಯವರು ಎರಡು ಸಲ ಎಚ್ಚರಿಸಿದ್ದರಿಂದ ಬಚಾವಾದೆ. ಹೊಸ ಬಳೆಗೆ ಬೆರಳಿನಿಂದ ಹೊಸ ಎಣ್ಣೆ ಸವರಿ, ಫಿಲ್ಟರನ್ನು ಕೈಯಿಂದಲೇ ಬಿಗಿಮಾಡಿ, ಬೋಲ್ಟಿಗೆ ಹೊಸ ವಾಷರ್ ಹಾಕಿ, ಕೈಪಿಡಿಯಲ್ಲಿ ಹೇಳಿದಷ್ಟು ಎಣ್ಣೆ ಸುರಿದೆ. ಎಂಜಿನ್ ಚಾಲೂ ಮಾಡಿದಾಗ ಎಣ್ಣೆಯ ಒತ್ತಡ ಸೂಚಿಸುವ ಕೆಂಪು ದೀಪ ಆರಿತು. ನಿಲ್ಲಿಸಿ, ಹತ್ತು ನಿಮಿಷ ಬಿಟ್ಟು ಗೇಜು ಎಳೆದು ನೋಡಿದರೆ ಎಣ್ಣೆ ಜೇನಿನಂತೆ ಹೊಳೆಯುತ್ತಿತ್ತು. ಮನಸ್ಸಿಗೆ ಬಹಳ ತೃಪ್ತಿಯಾಯಿತು.

ಆ ತೃಪ್ತಿ ಒಂದೇ ದಿನದ್ದು. ಮರುದಿನ ತಿಪಟೂರಿಗೆ ಹೋಗಿ ಬಂದ ಮೇಲೆ ಮೊಮ್ಮಗ ಗೇಜು ಎಳೆದು, "ತಾತ, ಆಯಿಲ್ ಆಗಲೇ ಕಪ್ಪಾಗಿದೆ. ಹಳೇದನ್ನೇ ವಾಪಸ್ ಹಾಕಿಬಿಟ್ರಾ?" ಎಂದ. ಮೇಸ್ತ್ರಿಗೆ ಗಾಬರಿಯಿಂದ ದೂರವಾಣಿ ಮಾಡಿದೆ. ಅವರು ನಕ್ಕು, "ಡೀಸೆಲ್ ಗಾಡಿ ಮೇಷ್ಟ್ರೇ, ಕಪ್ಪಾಗಲೇಬೇಕು" ಎಂದರು. ಇದೇ ಮಾತನ್ನು ಹಿಂದೆ ಒಮ್ಮೆ ಕೇಳಿದ್ದೆ. ಎಲ್ಲಿ ಎಂದು ನೆನಪಾಗಲು ಆ ರಾತ್ರಿಯೆಲ್ಲ ಬೇಕಾಯಿತು.

ಅದು 1984. ಒಂಬತ್ತನೆಯ ತರಗತಿಗೆ ಘರ್ಷಣೆಯ ಪಾಠ ಮಾಡುತ್ತಿದ್ದೆ. ಯಂತ್ರದ ಭಾಗಗಳು ಸವೆಯದಂತೆ ಕೀಲೆಣ್ಣೆ ಕಾಪಾಡುತ್ತದೆ ಎಂದು ವಿವರಿಸಿ, ಪುಸ್ತಕದಲ್ಲಿಲ್ಲದ ಒಂದು ಮಾತನ್ನೂ ಸೇರಿಸಿದೆ: ಎಣ್ಣೆ ಕಪ್ಪಾಯಿತೆಂದರೆ ಕೆಟ್ಟಿತೆಂದೇ ಅರ್ಥ, ಒಳ್ಳೆಯ ಎಣ್ಣೆ ಬಣ್ಣಗೆಡುವುದಿಲ್ಲ ಎಂದು. ಸಂಜೆ ಹೊತ್ತು ಗ್ಯಾರೇಜಿನಲ್ಲಿ ಕೆಲಸ ಮಾಡುತ್ತಿದ್ದ ಹುಡುಗನೊಬ್ಬ ಎದ್ದು ನಿಂತು, "ಸಾರ್, ಡೀಸೆಲ್ ಗಾಡೀಲಿ ಹಾಕಿದ ದಿನಾನೇ ಕಪ್ಪಾಗುತ್ತೆ ಸಾರ್. ಅದು ಕೆಟ್ಟಿದ್ದಲ್ಲ" ಎಂದ. ನಾನು, "ಗ್ಯಾರೇಜಿನ ಮಾತನ್ನು ಗ್ಯಾರೇಜಿನಲ್ಲೇ ಬಿಟ್ಟು ಬಾ" ಎಂದೆ. ತರಗತಿಯೆಲ್ಲ ನಕ್ಕಿತು. ಅವನ ಉಗುರುಗಳ ಕಪ್ಪನ್ನು ಕುರಿತೂ ಏನೋ ಅಂದೆನೆಂದು ನೆನಪು. ಆ ಮೇಲೆ ಆತ ನನ್ನ ತರಗತಿಯಲ್ಲಿ ಎದ್ದು ನಿಂತು ಮಾತನಾಡಲಿಲ್ಲ.

ಯಾರು ಸರಿ ಎಂದು ತಿಳಿಯಲು ಈಗ ಕುಳಿತು ಓದಿದೆ. ಓದಿದ್ದನ್ನು ಕ್ರಮವಾಗಿ ಹೇಳುತ್ತೇನೆ.

ಕೀಲೆಣ್ಣೆ ಎಂಬ ಪದವನ್ನು ಪಠ್ಯಪುಸ್ತಕದವರು ಹುಟ್ಟಿಸಲಿಲ್ಲ, ಅದು ಎತ್ತಿನ ಗಾಡಿಯಿಂದ ಬಂದದ್ದು. ನನ್ನ ತಾತನ ಗಾಡಿಯ ಕೆಳಗೆ ಒಂದು ಬಿದಿರಿನ ಗೊಟ್ಟ ತೂಗಾಡುತ್ತಿತ್ತು. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿಯನ್ನು ಕಲಸಿ ಅದರಲ್ಲಿ ತುಂಬಿಡುತ್ತಿದ್ದರು. ಬರಿಯ ಎಣ್ಣೆ ಅಚ್ಚಿನಿಂದ ಬೇಗ ಇಳಿದುಹೋಗುತ್ತದೆ. ಕರಿ ಕಲಸಿದರೆ ಗಟ್ಟಿಯಾಗಿ ನಿಲ್ಲುತ್ತದೆ. ಅಂದರೆ ನಮ್ಮ ಕೀಲೆಣ್ಣೆ ಹುಟ್ಟುವಾಗಲೇ ಕಪ್ಪು. ಆ ಗೊಟ್ಟದಲ್ಲಿ ಕೈಯದ್ದಿ ಬೈಸಿಕೊಂಡು ಬೆಳೆದ ನಾನೇ ಮುಂದೆ ತರಗತಿಯಲ್ಲಿ ಕಪ್ಪೆಂದರೆ ಕೆಡುಕು ಎಂದು ಬೋಧಿಸಿದೆ.

ಅದೇ ಹರಳೆಣ್ಣೆ ಮೋಟಾರು ಯುಗವನ್ನೂ ಪ್ರವೇಶಿಸಿತು. ಇಂಗ್ಲೆಂಡಿನ ಚಾರ್ಲ್ಸ್ ವೇಕ್‌ಫೀಲ್ಡ್ 1899ರಲ್ಲಿ ಕೀಲೆಣ್ಣೆಯ ವ್ಯಾಪಾರವನ್ನು ಆರಂಭಿಸಿದರು. ಅವರ ಕಂಪನಿ ಮೋಟಾರುಗಳಿಗಾಗಿ ಹರಳೆಣ್ಣೆ ಬೆರೆಸಿ ತಯಾರಿಸಿದ ಎಣ್ಣೆಗೆ 1909ರಲ್ಲಿ ಕ್ಯಾಸ್ಟ್ರಾಲ್ ಎಂದು ಹೆಸರಿಟ್ಟಿತು. ಹರಳಿಗೆ ಇಂಗ್ಲಿಷಿನಲ್ಲಿ ಕ್ಯಾಸ್ಟರ್ ಎನ್ನುತ್ತಾರೆ. ಹೆಸರಿನ ಮೂಲ ಅದು. ಮೊದಲನೆಯ ಮಹಾಯುದ್ಧದ ಎಷ್ಟೋ ವಿಮಾನಗಳ ಎಂಜಿನ್ನುಗಳು ಹರಳೆಣ್ಣೆಯಿಂದಲೇ ಓಡಿದವು. ಆದರೆ ಹೆಚ್ಚು ಶಾಖದಲ್ಲಿ ಬಹುಕಾಲ ಇದ್ದರೆ ಹರಳೆಣ್ಣೆ ಜಿಗುಟಾಗಿ ಅಂಟು ಕಟ್ಟುತ್ತದೆ. ಭೂಮಿಯಿಂದ ತೆಗೆದ ಖನಿಜ ತೈಲಕ್ಕೆ ಈ ದೋಷ ಕಡಿಮೆ. ಅಮೆರಿಕದ ಜಾನ್ ಎಲ್ಲಿಸ್ ಎಂಬ ವೈದ್ಯರು 1866ರಷ್ಟು ಹಿಂದೆಯೇ ಅದನ್ನು ಉಗಿಯಂತ್ರಗಳಿಗೆ ಬಳಸುವ ದಾರಿ ತೋರಿಸಿದ್ದರು. ಕಾಲಕ್ರಮದಲ್ಲಿ ವಾಹನಗಳಿಗೂ ಖನಿಜ ತೈಲವೇ ನಿಂತಿತು.

ಎಣ್ಣೆ ಹೇಗೆ ಕೆಲಸ ಮಾಡುತ್ತದೆ ಎಂಬುದು ತಿಳಿದದ್ದು ಇನ್ನೂ ಸ್ವಾರಸ್ಯಕರ. 1883ರ ಸುಮಾರಿಗೆ ಬೀಚಂ ಟವರ್ ಎಂಬ ಇಂಗ್ಲಿಷ್ ಎಂಜಿನಿಯರ್ ರೈಲಿನ ಅಚ್ಚುಗಳ ಬೇರಿಂಗನ್ನು ಪರೀಕ್ಷಿಸುತ್ತಿದ್ದರು. ಎಣ್ಣೆ ಹಾಕಲೆಂದು ಬೇರಿಂಗಿನ ಮೇಲ್ಭಾಗದಲ್ಲಿ ಒಂದು ರಂಧ್ರ ಕೊರೆದರು. ಅಚ್ಚು ತಿರುಗತೊಡಗಿದಾಗ ಎಣ್ಣೆ ಒಳಗೆ ಹೋಗುವ ಬದಲು ರಂಧ್ರದಿಂದ ಮೇಲಕ್ಕೆ ಉಕ್ಕಿತು. ಬಿರಡೆ ಜಡಿದರೆ ಬಿರಡೆಯೂ ಹೊರಬಂತು. ತಿರುಗುವ ಅಚ್ಚು ತಾನೇ ಎಣ್ಣೆಯನ್ನು ಸಂದಿಯೊಳಕ್ಕೆ ಎಳೆದುಕೊಂಡು, ಅಲ್ಲಿ ಭಾರೀ ಒತ್ತಡವನ್ನು ಉಂಟುಮಾಡಿ, ಆ ಎಣ್ಣೆಯ ಪೊರೆಯ ಮೇಲೆ ತೇಲುತ್ತದೆ ಎಂಬುದು ಹೀಗೆ ಗೊತ್ತಾಯಿತು. ಮ್ಯಾಂಚೆಸ್ಟರಿನ ಪ್ರಾಧ್ಯಾಪಕ ಆಸ್ಬೋರ್ನ್ ರೆನಾಲ್ಡ್ಸ್ 1886ರಲ್ಲಿ ಇದನ್ನು ಗಣಿತದಲ್ಲಿ ಬರೆದರು. ನಮ್ಮ ಪಿಕಪ್ಪಿನ ಎಂಜಿನ್ನಿನಲ್ಲಿ ಲೋಹ ಲೋಹವನ್ನು ಮುಟ್ಟದಂತೆ ತಡೆಯುವ ಪೊರೆ ಕೂದಲಿಗಿಂತ ಎಷ್ಟೋ ಪಟ್ಟು ತೆಳು. ಅದನ್ನು ಉಳಿಸಿಕೊಳ್ಳುವಷ್ಟು ಮಂದವಾಗಿ ಎಣ್ಣೆ ಇರಬೇಕು, ಬೆಳಗಿನ ಚಳಿಯಲ್ಲಿ ಬೇಗ ಹರಿಯುವಷ್ಟು ತೆಳುವೂ ಆಗಿರಬೇಕು. ಡಬ್ಬಿಯ ಮೇಲೆ 15ಡಬ್ಲ್ಯು-40 ಎಂದು ಬರೆದಿರುವುದು ಈ ಎರಡು ಗುಣಗಳನ್ನು. ಡಬ್ಲ್ಯು ಎಂದರೆ ಚಳಿಗಾಲ.

ಇನ್ನು ಡೀಸೆಲ್ ಎಂಜಿನ್. ರುಡಾಲ್ಫ್ ಡೀಸೆಲ್ ಹುಟ್ಟಿದ್ದು 1858ರಲ್ಲಿ, ಪ್ಯಾರಿಸ್ಸಿನಲ್ಲಿ. ಉಗಿಯಂತ್ರಗಳು ಕಲ್ಲಿದ್ದಲಿನ ಶಾಖದ ಬಹುಪಾಲನ್ನು ವ್ಯರ್ಥಮಾಡುತ್ತಿದ್ದುದು ಅವರನ್ನು ಕಾಡಿತು. ಗಾಳಿಯನ್ನು ಬಲವಾಗಿ ಒತ್ತಿದರೆ ಅದು ಎಷ್ಟು ಬಿಸಿಯಾಗುತ್ತದೆಂದರೆ, ಅದರೊಳಗೆ ಸಿಂಪಡಿಸಿದ ಇಂಧನ ಕಿಡಿಯಿಲ್ಲದೆ ತಾನೇ ಉರಿಯುತ್ತದೆ. 1893ರ ಆಗಸ್ಟ್ 10ರಂದು ಆಗ್ಸ್‌ಬರ್ಗ್‌ನಲ್ಲಿ ಮೊದಲ ಎಂಜಿನ್ನನ್ನು ಪರೀಕ್ಷಿಸಿದಾಗ ಒತ್ತಡ ಅಳೆಯುವ ಉಪಕರಣವೇ ಸಿಡಿದುಹೋಯಿತು. 1897ರ ಫೆಬ್ರವರಿಯ ಪರೀಕ್ಷೆಯಲ್ಲಿ ಎಂಜಿನ್ ಇಂಧನದ ಶಕ್ತಿಯ ಶೇ. 26ರಷ್ಟನ್ನು ಕೆಲಸವಾಗಿ ಪರಿವರ್ತಿಸಿತು. ಆ ಕಾಲಕ್ಕೆ ಅದು ಅದ್ಭುತ. 1913ರ ಸೆಪ್ಟೆಂಬರ್ 29ರ ರಾತ್ರಿ ಇಂಗ್ಲೆಂಡಿಗೆ ಹೊರಟಿದ್ದ ಹಡಗಿನಿಂದ ಡೀಸೆಲ್ ಕಾಣೆಯಾದರು; ಅವರ ಎಂಜಿನ್ ಲಾರಿಗಳನ್ನು ಎಳೆಯುವುದನ್ನು ನೋಡಲು ಅವರು ಇರಲಿಲ್ಲ.

ಮಸಿಯ ಗುಟ್ಟು ಈ ಎಂಜಿನ್ನಿನ ಸ್ವಭಾವದಲ್ಲೇ ಇದೆ. ಸಾಮಾನ್ಯ ಪೆಟ್ರೋಲ್ ಎಂಜಿನ್ನಿನಲ್ಲಿ ಇಂಧನವೂ ಗಾಳಿಯೂ ಮೊದಲೇ ಬೆರೆತಿರುತ್ತವೆ. ಡೀಸೆಲಿನಲ್ಲಿ ಸಿಂಪಡಿಸಿದ ಕ್ಷಣದಲ್ಲೇ ಉರಿ ಹತ್ತುವುದರಿಂದ ಹನಿಗಳ ನಡುವೆ ಗಾಳಿ ಸಾಲದ ಜಾಗ ಉಳಿಯುತ್ತದೆ. ಅಲ್ಲಿ ಮಸಿ ಹುಟ್ಟುತ್ತದೆ. ಅದರಲ್ಲಿ ಸ್ವಲ್ಪ ಪಿಸ್ಟನ್ನಿನ ರಿಂಗುಗಳನ್ನು ದಾಟಿ ಸಂಪಿನ ಎಣ್ಣೆಗೆ ಇಳಿಯುತ್ತದೆ. ಇದರಿಂದ ಎಷ್ಟು ತೊಂದರೆಯಾಗುತ್ತದೆಂಬುದು 1930ರ ದಶಕದಲ್ಲಿ ಸ್ಪಷ್ಟವಾಯಿತು. ಅಮೆರಿಕದ ಕ್ಯಾಟರ್‌ಪಿಲ್ಲರ್ ಕಂಪನಿ 1931ರಲ್ಲಿ ಡೀಸೆಲ್ ಟ್ರ್ಯಾಕ್ಟರುಗಳನ್ನು ಹೊರತಂದಿತು. ಅಂಥ ಎಂಜಿನ್ನುಗಳಲ್ಲಿ ಅಂದಿನ ಶುದ್ಧ ಖನಿಜ ತೈಲ ತಾನು ತಿಳಿಯಾಗಿ ಉಳಿದರೂ ಮಸಿಯನ್ನೂ ಅಂಟನ್ನೂ ಪಿಸ್ಟನ್ನಿನ ಮೇಲೆಯೇ ಬಿಟ್ಟುಬಿಡುತ್ತಿತ್ತು. ರಿಂಗುಗಳು ಹೆಪ್ಪುಗಟ್ಟಿ ಅಂಟಿಕೊಂಡು ಎಂಜಿನ್ನುಗಳು ಕೆಡುತ್ತಿದ್ದವು.

ಇದಕ್ಕೆ ಪರಿಹಾರವಾಗಿ ಕ್ಯಾಲಿಫೋರ್ನಿಯಾದ ಸ್ಟ್ಯಾಂಡರ್ಡ್ ಆಯಿಲ್ ಕಂಪನಿ 1935ರಲ್ಲಿ ಡೆಲೋ ಎಂಬ ಎಣ್ಣೆಯನ್ನು ತಂದಿತು. ಅಂಥ ಎಣ್ಣೆಗಳಲ್ಲಿ ಸಾಬೂನಿಗೆ ಹತ್ತಿರದ ಬಂಧುಗಳಾದ ಲೋಹದ ಸಂಯುಕ್ತಗಳನ್ನು ಬೆರೆಸಿರುತ್ತಾರೆ. ಸೀಗೆಪುಡಿ ತಲೆಯ ಜಿಡ್ಡನ್ನು ಬಿಡಿಸುವಂತೆ ಇವು ಪಿಸ್ಟನ್ನಿನ ಕೊಳೆಯನ್ನು ಬಿಡಿಸುತ್ತವೆ. 1950ರ ದಶಕದಲ್ಲಿ ಬಂದ ಇನ್ನೊಂದು ಬಗೆಯ ಸೇರ್ಪಡೆ ಮಸಿಯ ಕಣಗಳನ್ನು ಒಂದಕ್ಕೊಂದು ಅಂಟದಂತೆ ಬಿಡಿಬಿಡಿಯಾಗಿ ತೇಲಿಸುತ್ತದೆ. ಆ ಕಣಗಳು ಎಷ್ಟು ಸಣ್ಣವೆಂದರೆ ಫಿಲ್ಟರಿನಲ್ಲಿಯೂ ನಿಲ್ಲುವುದಿಲ್ಲ. ಎಣ್ಣೆ ಅವನ್ನು ಹೊತ್ತುಕೊಂಡೇ ತಿರುಗುತ್ತದೆ, ಆದ್ದರಿಂದಲೇ ಕಪ್ಪಾಗುತ್ತದೆ.

ಅಂದರೆ ಡೀಸೆಲ್ ಎಂಜಿನ್ನಿನ ಎಣ್ಣೆ ಕಪ್ಪಾಯಿತೆಂದರೆ ಕೊಳೆ ಲೋಹವನ್ನು ಬಿಟ್ಟು ಎಣ್ಣೆಗೆ ಬಂದಿದೆ ಎಂದರ್ಥ. ಹುಡುಗ ಹೇಳಿದ್ದು ಸರಿ, ಮೇಷ್ಟ್ರು ಹೇಳಿದ್ದು ತಪ್ಪು. ನಾನು ಆ ಮಾತನ್ನು ಹೇಳುವ ಹೊತ್ತಿಗೆ ಈ ವಿದ್ಯೆಗೆ ಅರ್ಧ ಶತಮಾನವಾಗಿತ್ತು. ನಮ್ಮ ನಾಡಿಗೂ ಅದು ದೂರದ್ದಾಗಿರಲಿಲ್ಲ. ಡೀಸೆಲ್ ಪಂಪುಗಳನ್ನು ತಯಾರಿಸುವ ಮೈಕೋ ಕಂಪನಿ 1951ರಲ್ಲೇ ಬೆಂಗಳೂರಿನಲ್ಲಿ ಸ್ಥಾಪನೆಯಾಗಿತ್ತು; 2008ರಲ್ಲಿ ಅದರ ಹೆಸರು ಬಾಷ್ ಲಿಮಿಟೆಡ್ ಎಂದಾಯಿತು. 1954ರಿಂದ ಜಮ್‌ಶೆಡ್‌ಪುರದಲ್ಲಿ ಟಾಟಾದವರ ಡೀಸೆಲ್ ಲಾರಿಗಳು ತಯಾರಾಗುತ್ತಿದ್ದವು. ಹೆದ್ದಾರಿಯ ಬದಿಯ ಪ್ರತಿಯೊಂದು ಗ್ಯಾರೇಜಿನವರಿಗೂ ಗೊತ್ತಿದ್ದ ಸಂಗತಿ ವಿಜ್ಞಾನದ ಮೇಷ್ಟ್ರಿಗೆ ಗೊತ್ತಿರಲಿಲ್ಲ.

ಹಾಗಾದರೆ ಕಪ್ಪಾದ ಎಣ್ಣೆಯನ್ನು ಬದಲಾಯಿಸುವುದೇಕೆ? ಹೊರುವ ಶಕ್ತಿಗೂ ಮಿತಿಯಿದೆ. ಮಸಿ ಮಿತಿಮೀರಿದರೆ ಎಣ್ಣೆ ಮಂದವಾಗುತ್ತದೆ, ಕಣಗಳು ಕೂಡಿಕೊಳ್ಳತೊಡಗುತ್ತವೆ. ಜೊತೆಗೆ ಡೀಸೆಲಿನಲ್ಲಿರುವ ಗಂಧಕ ಉರಿದು ಆಮ್ಲವಾಗುತ್ತದೆ. ಅದನ್ನು ತಣಿಸಲು ಎಣ್ಣೆಯಲ್ಲಿ ಸೇರಿಸಿದ ಕ್ಷಾರ ದಿನದಿನಕ್ಕೂ ಕರಗುತ್ತ ಹೋಗುತ್ತದೆ. 1990ರ ದಶಕದ ಆರಂಭದಲ್ಲಿ ನಮ್ಮ ಡೀಸೆಲಿನಲ್ಲಿ ಶೇ. 1ರವರೆಗೆ ಗಂಧಕವಿರಬಹುದಾಗಿತ್ತು. 2020ರ ಏಪ್ರಿಲ್ 1ರಿಂದ ದೇಶದೆಲ್ಲೆಡೆ ಅದರ ಮಿತಿ ಹತ್ತು ಲಕ್ಷಕ್ಕೆ 10 ಪಾಲು ಮಾತ್ರ. ಆದರೂ ಕ್ಷಾರ ಮುಗಿಯುವುದು, ಶಾಖಕ್ಕೆ ಎಣ್ಣೆ ಸೊರಗುವುದು ತಪ್ಪಿಲ್ಲ. ಇವು ಯಾವುವೂ ಕಣ್ಣಿಗೆ ಕಾಣುವುದಿಲ್ಲ. ಆದ್ದರಿಂದ ಬಣ್ಣವನ್ನು ನೋಡಿ ತೀರ್ಮಾನಿಸದೆ ಕೈಪಿಡಿಯಲ್ಲಿರುವ ಕಿಲೋಮೀಟರು ಮತ್ತು ತಿಂಗಳುಗಳ ಲೆಕ್ಕವನ್ನೇ ಪಾಲಿಸಬೇಕು. ಹೊಸ ವಾಹನಗಳ ಹೊಗೆ ಕೊಳವೆಯಲ್ಲಿ ಮಸಿ ಸೋಸುವ ಜಾಲರಿ ಇರುವುದರಿಂದ ಅವುಗಳಿಗೆ ಬೇರೆ ದರ್ಜೆಯ ಎಣ್ಣೆ ಬೇಕು. ಅಂಗಡಿಯವರು ಕೊಟ್ಟದ್ದನ್ನು ತರದೆ ಕೈಪಿಡಿ ನೋಡಿ ತನ್ನಿ.

ಇಳಿಸಿದ ಎಣ್ಣೆಯ ಮಾತನ್ನೂ ಹೇಳಿಬಿಡುತ್ತೇನೆ. ನಮ್ಮ ಕಡೆ ಅದನ್ನು ಗೆದ್ದಲಿಗೆಂದು ಮರಕ್ಕೆ ಬಳಿಯುತ್ತಾರೆ, ಸೆಂಟ್ರಿಂಗ್ ಹಲಗೆಗೆ ಸವರುತ್ತಾರೆ, ಏನೂ ತೋಚದಿದ್ದರೆ ಚರಂಡಿಗೆ ಸುರಿಯುತ್ತಾರೆ. ಅದರಲ್ಲಿ ಸವೆದ ಲೋಹವೂ ವಿಷವಸ್ತುಗಳೂ ಇರುತ್ತವೆ, ಬಾವಿಯ ನೀರಿಗೆ ಸೇರಬಾರದು. ಕಾನೂನಿನ ಪ್ರಕಾರ ಅದು ಅಪಾಯಕಾರಿ ತ್ಯಾಜ್ಯ. ಹಳೆಯ ಎಣ್ಣೆಯ ಮರುಬಳಕೆಯ ಹೊಣೆಯನ್ನು 2024ರ ಏಪ್ರಿಲ್ 1ರಿಂದ ಎಣ್ಣೆ ತಯಾರಕರ ಮೇಲೂ ಹೊರಿಸಲಾಗಿದೆ. ನಾನು ಅದನ್ನು ಹಳೆಯ ಕ್ಯಾನಿಗೇ ತುಂಬಿ, ಸಂಗ್ರಹಿಸುವವರಿಗೆ ಕೊಡುವ ಮೇಸ್ತ್ರಿಯವರ ಪೀಪಾಯಿಗೆ ಒಪ್ಪಿಸಿದೆ.

ಓದುತ್ತ ಹೋದಾಗ ಇಬ್ಬರು ವ್ಯಕ್ತಿಗಳು ಮನಸ್ಸಿನಲ್ಲಿ ನಿಂತರು. ಒಬ್ಬರು ಎಲೈಜಾ ಮೆಕಾಯ್. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಕೆನಡಾ ಸೇರಿದ ದಂಪತಿಗಳ ಮಗ. ಸ್ಕಾಟ್‌ಲೆಂಡಿನಲ್ಲಿ ಎಂಜಿನಿಯರಿಂಗ್ ಕಲಿತು ಬಂದರೂ ಕಪ್ಪು ಜನಾಂಗದವರೆಂಬ ಕಾರಣಕ್ಕೆ ಅಮೆರಿಕದ ರೈಲ್ವೆಯಲ್ಲಿ ಅವರಿಗೆ ಸಿಕ್ಕದ್ದು ಕಲ್ಲಿದ್ದಲು ತುಂಬುವ, ಎಣ್ಣೆ ಹಾಕುವ ಕೆಲಸ. ಎಣ್ಣೆ ಹಾಕಲೆಂದು ರೈಲನ್ನು ಮತ್ತೆ ಮತ್ತೆ ನಿಲ್ಲಿಸಬೇಕಾಗುತ್ತಿತ್ತು. ಓಡುವ ಯಂತ್ರಕ್ಕೆ ತಾನಾಗಿಯೇ ಎಣ್ಣೆ ಉಣಿಸುವ ಸಾಧನವನ್ನು ರೂಪಿಸಿ 1872ರಲ್ಲಿ ಅವರು ಪೇಟೆಂಟ್ ಪಡೆದರು. ಇನ್ನೊಬ್ಬರು ಕ್ಲೆಸ್ಸಿ ಕಮಿನ್ಸ್. ಎಂಟನೆಯ ತರಗತಿಗೆ ಶಾಲೆ ಬಿಟ್ಟು, ಇಂಡಿಯಾನಾದ ಬ್ಯಾಂಕರ್ ಒಬ್ಬರ ಕಾರು ಚಾಲಕರೂ ಮೆಕ್ಯಾನಿಕರೂ ಆಗಿದ್ದವರು. 1919ರಲ್ಲಿ ಅದೇ ಯಜಮಾನರ ನೆರವಿನಿಂದ ಡೀಸೆಲ್ ಎಂಜಿನ್ ಕಂಪನಿಯನ್ನು ಸ್ಥಾಪಿಸಿದರು. 1931ರಲ್ಲಿ ಅವರ ಡೀಸೆಲ್ ಕಾರು ಇಂಡಿಯಾನಾಪೊಲಿಸ್‌ನ 500 ಮೈಲಿಯ ಪಂದ್ಯವನ್ನು ಎಲ್ಲಿಯೂ ನಿಲ್ಲದೆ ಪೂರೈಸಿತು. ಅಮೆರಿಕದ ಪಿಕಪ್ಪುಗಳಿಗೆ 1989ರಲ್ಲಿ ಹೊಸ ಹೆಸರು ತಂದುಕೊಟ್ಟ 5.9 ಲೀಟರಿನ ಡೀಸೆಲ್ ಎಂಜಿನ್ ಆ ಕಂಪನಿಯದೇ. ಇವರಿಬ್ಬರಲ್ಲಿ ಯಾರಾದರೂ ನನ್ನ ತರಗತಿಯಲ್ಲಿ ಕುಳಿತಿದ್ದರೆ ನಾನು ಅವರ ಉಗುರುಗಳನ್ನು ನೋಡಿ ಏನೆನ್ನುತ್ತಿದ್ದೆ ಎಂದು ಯೋಚಿಸಿದೆ. ಉತ್ತರ ಹಿತವಾಗಿರಲಿಲ್ಲ.

ಆ ಹುಡುಗನ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅವನೊಡನೆ ಓದಿದವರಿಗೆ ಈ ಪ್ರಸಂಗ ನೆನಪಿರಬಹುದು. ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಆತ ಎಲ್ಲಿಗೆ ಹೋದನೆಂದು ನಾನು ವಿಚಾರಿಸಲೂ ಇಲ್ಲ. ಅವನಿಗೂ ಈಗ ಐವತ್ತೈದರ ಆಸುಪಾಸು. ನಿಮ್ಮಲ್ಲಿ ಯಾರಿಗಾದರೂ ಅವನ ಸುಳಿವಿದ್ದರೆ ಈ ಬರಹವನ್ನು ದಯವಿಟ್ಟು ತಲುಪಿಸಿ. "ಅಂದು ನೀನು ಹೇಳಿದ್ದು ಸರಿಯಾಗಿತ್ತು, ಮೇಷ್ಟ್ರು ಕ್ಷಮೆ ಕೇಳಿದ್ದಾರೆ" ಎಂದು ತಿಳಿಸಿ. ಬಿಡುವು ಮಾಡಿಕೊಂಡು ಒಮ್ಮೆ ತೋಟಕ್ಕೆ ಬಂದರೆ ಎಳನೀರು ಕೊಡುತ್ತೇನೆ. ನಾನು ಹಾಕಿದ ಫಿಲ್ಟರ್ ಸರಿಯಾಗಿ ಕೂತಿದೆಯೇ ಎಂದು ಅವನೇ ಒಮ್ಮೆ ನೋಡಿದರೆ ನನಗೂ ಧೈರ್ಯ.

ನನ್ನ ಉಗುರಿನ ಸಂದಿಯ ಕಪ್ಪು ಹೋಗಲು ನಾಲ್ಕು ದಿನ ಬೇಕಾಯಿತು. ಆ ನಾಲ್ಕು ದಿನಗಳಲ್ಲಿ ಒಮ್ಮೆ ಬ್ಯಾಂಕಿಗೂ ಒಂದು ಮದುವೆಗೂ ಹೋಗಿದ್ದೆ. ಕೈ ಮರೆಸಿಕೊಳ್ಳಬೇಕೆಂದು ಎರಡು ಕಡೆಯೂ ಅನ್ನಿಸಿತು. ಪ್ರತಿದಿನ ಹಾಗೆಯೇ ಶಾಲೆಗೆ ಬರುತ್ತಿದ್ದ ಹುಡುಗನ ನೆನಪಾಗಿ ಮರೆಸಿಕೊಳ್ಳಲಿಲ್ಲ.

ಎಲ್ಲರಿಗೂ ಶುಭವಾಗಲಿ.

ನಿಮ್ಮ ಮೇಷ್ಟ್ರು